ಖರಬೂಜದ ಹಬೆ ಕುಡಿದ ಕಹಳೆಗಾರ

ಮರ್ಗಿಲಾನ್ ಊರಿನ ನಮ್ಮ ಮೊಹಲ್ಲಾದಲ್ಲಿ ಮದುವೆಯ ದಿಬ್ಬಣ ಹೊರಡಬೇಕಾದರೆ ಮೊದಲು ತೊಖ್ತಾಸಿನ್ ಉಸಿರೆಳೆದುಕೊಳ್ಳಬೇಕು. ಅವನ ಕರ್ನಾಯ್ ಅವನಿಗಿಂತ ಒಂದು ಗೇಣು ಉದ್ದದ ಹಿತ್ತಾಳೆ ಕಹಳೆ. ಅದಕ್ಕೆ ತೂತಿಲ್ಲ, ಗುಂಡಿಯಿಲ್ಲ. ಏನಿದ್ದರೂ ಊದುವವನ ಎದೆಯಲ್ಲೇ ಇರಬೇಕು. ಇಪ್ಪತ್ತೆರಡು ವರ್ಷದಿಂದ ಅವನ ಪಕ್ಕದಲ್ಲಿ ನಿಂತು ದಾಯಿರಾ ತಮಟೆ ಬಾರಿಸುತ್ತಿರುವ ನನಗೆ ಅವನ ಎದೆಯ ಅಳತೆ ಅವನ ಹೆಂಡತಿ ಕುಮ್ರಿಗಿಂತ ಚೆನ್ನಾಗಿ ಗೊತ್ತು. ಅವನಿಗಂತೂ ಅದರ ಬಗ್ಗೆ ಹೇಳಿ ತೀರದಷ್ಟು ಜಂಬ. ಪಲಾವಿನ ಎರಡನೇ ತಟ್ಟೆ ಮುಗಿಸಿದ ಮೇಲೆ ಎದೆ ತಟ್ಟಿಕೊಂಡು ಮಾತು ಶುರು ಮಾಡಿದನೆಂದರೆ ಚಹಾ ತಣ್ಣಗಾಗುವವರೆಗೆ ನಿಲ್ಲಿಸುತ್ತಿರಲಿಲ್ಲ.

ಎರಡು ವರ್ಷದ ಹಿಂದಿನವರೆಗೆ ಅವನು ಸಿಗರೇಟು ಸೇದುತ್ತಿದ್ದ. ಆದರೆ ಕುಮ್ರಿ ಮನೆಯೊಳಗೆ ಹೊಗೆ ಬಿಡಲು ಒಪ್ಪದವಳು. ಸೇದಬೇಕಾದರೆ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ನಿಲ್ಲಬೇಕು. ಜನವರಿಯ ಚಳಿಯಲ್ಲಿ ಎಂಥ ಚಟವೂ ನಡುಗುತ್ತದೆ. ಹಾಗಾಗಿ ದಿನಕ್ಕೆ ಐದಾರಕ್ಕೆ ನಿಂತಿತ್ತು. ಅಷ್ಟರಲ್ಲಿ ಬಜಾರಿನಲ್ಲಿ ಫೋನಿನ ಕವಚ ಮಾರುವ ಅವನ ಭಾಮೈದ ಬ್ಯಾಟರಿಯಲ್ಲಿ ಹಬೆ ಬಿಡುವ, ಬೆರಳುದ್ದದ ಒಂದು ವೇಪ್ ತಂದುಕೊಟ್ಟ. ಖರಬೂಜದ ಪರಿಮಳದ್ದು. ಇಡೀ ಫರ್ಗಾನಾ ಸೀಮೆಯಲ್ಲಿ ಖರಬೂಜ ರಸ್ತೆ ಬದಿಯಲ್ಲಿ ಗುಡ್ಡೆ ಬಿದ್ದಿರುವಾಗ ಈ ಮಹಾಶಯ ಅದರ ವಾಸನೆಯನ್ನು ಪ್ಲಾಸ್ಟಿಕ್ ಕೊಳವೆಯಿಂದ ಹೀರತೊಡಗಿದ.

ಚಿಕ್ಕಂದಿನಲ್ಲಿ ನೆಗಡಿಯಾದರೆ ನಮ್ಮ ಅಮ್ಮಂದಿರು ಬೇಯಿಸಿದ ಆಲೂಗಡ್ಡೆಯ ಪಾತ್ರೆಯ ಮುಂದೆ ಕೂರಿಸಿ, ತಲೆಯ ಮೇಲೆ ರಜಾಯಿ ಹೊದಿಸಿ ಹಬೆ ಕುಡಿಸುತ್ತಿದ್ದರು. ಅದರಿಂದಲೇ ತನ್ನ ಎದೆ ಗಟ್ಟಿಯಾದದ್ದು ಎಂದು ತೊಖ್ತಾಸಿನ್ ನಂಬಿದ್ದ. ಹಾಗಾಗಿ ವೇಪು ಅವನಿಗೆ ಔಷಧಿಯಾಗಿ ಕಂಡಿತು.

“ಇದು ಹೊಗೆ ಅಲ್ಲ ಕಣೋ, ಹಬೆ. ಎದೆ ತೊಳೆಯುತ್ತೆ,” ಅಂದ. ಕಹಳೆ ಎತ್ತುವ ಮುಂಚೆ ಹತ್ತು ಸಲ ಹೀರಿ ಎದೆ ತೊಳೆದುಕೊಳ್ಳುವುದು ಅಂದಿನಿಂದ ರೂಢಿಯಾಯಿತು. ನಾನು ಬೈಯಬೇಕಿತ್ತು. ಆದರೆ ನನ್ನ ನಾಲಗೆಯ ಕೆಳಗೆ ಆಗ ನಾಸ್ ಎಂಬ ತಂಬಾಕಿನ ಪುಡಿ ಇತ್ತು, ಬಾಯಿ ಬಿಡುವ ಹಾಗಿರಲಿಲ್ಲ. ನನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಅವನ ಎಲೆಯ ನೊಣ ತೋರಿಸಲು ಯಾವ ಮುಖವಿತ್ತು?

ವಾಸನೆ ಹಿತವಾಗಿತ್ತು. ಕುಮ್ರಿಯೂ ಅವನನ್ನು ಹೊರಗೆ ಅಟ್ಟಲಿಲ್ಲ. ವೇಪು ಜೇಬಿನಿಂದ ದಿಂಬಿನ ಕೆಳಗೆ ಹೋಯಿತು. ನಿದ್ದೆ ಕೆಟ್ಟದ್ದು ಅಲ್ಲಿಂದ. ಮಲಗಿದರೆ ಎದೆ ಡವಡವ, ಕಣ್ಣು ಹತ್ತಿದರೆ ಎರಡೇ ಗಂಟೆ, ಎಚ್ಚರವಾದ ತಕ್ಷಣ ಕೈ ದಿಂಬಿನ ಕೆಳಗೆ. ಹೀರಿದ ಮೇಲೆ ಗೂಬೆಯ ಹಾಗೆ ಕೂರುತ್ತಾನೆ ಎಂದು ಕುಮ್ರಿ ನನ್ನ ಹೆಂಡತಿಯ ಹತ್ತಿರ ಅತ್ತಳಂತೆ. ಬಾಕಿಯಾದ ನಿದ್ದೆಯನ್ನೆಲ್ಲ ಹಗಲು ತೀರಿಸತೊಡಗಿದ. ಒಂದು ಮದುವೆಯ ಮುಂಜಾನೆಯ ಪಲಾವಿನ ಊಟದಲ್ಲಿ, ಹಿರಿಯರು ದುವಾ ಓದುತ್ತಿರುವಾಗ, ಎತ್ತಿದ ಅಂಗೈ ಎತ್ತಿದ ಹಾಗೇ ಇದ್ದು ಗೊರಕೆ ಹೊಡೆದ. ನಮ್ಮ ಮೊಹಲ್ಲಾದಲ್ಲಿ ಇವನಷ್ಟು ಮೈಮರೆತು ಪ್ರಾರ್ಥಿಸುವವನು ಇನ್ನೊಬ್ಬನಿಲ್ಲ ಎಂದು ಜನ ಒಂದು ತಿಂಗಳು ನಕ್ಕರು.

ಅವನ ತಾಯಿ ಓಯ್ನಿಸಾ ಮಾತ್ರ ನಗಲಿಲ್ಲ. ಕುವಾ ಊರಿನ ಮದುವೆಯೊಂದರಲ್ಲಿ ಯಾರೋ ಹೆಂಗಸು ಅಬ್ಬಾ ಎಂಥ ಎದೆ ಅಂದಿದ್ದಳಂತೆ. ದೃಷ್ಟಿ ತಾಗಿದೆ ಎಂದು ಮುದುಕಿ ತೀರ್ಮಾನಿಸಿದಳು. ವಾರಕ್ಕೆರಡು ಸಲ ಬಾಣಲೆಯಲ್ಲಿ ಇಸಿರಿಕ್ ಸೊಪ್ಪು ಸುಟ್ಟು ಆ ಹೊಗೆಯನ್ನು ಮಗನ ತಲೆಯ ಸುತ್ತ ಮೂರು ಸುತ್ತು ಆಡಿಸುತ್ತಿದ್ದಳು. ಅವನು ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದರೆ, ನೋಡು, ದೃಷ್ಟಿ ಹೊರಗೆ ಹೋಗುತ್ತಿದೆ ಎಂದು ಸಂತೋಷಪಡುತ್ತಿದ್ದಳು. ಒಳಗೆ ಮಗನ ಹಬೆ, ಹೊರಗೆ ತಾಯಿಯ ಹೊಗೆ. ಆ ಎದೆಯಾದರೂ ಏನು ಮಾಡೀತು ಪಾಪ.

ಹೀಗಿರುವಾಗ ತೊಖ್ತಾಸಿನ್‌ನ ಮಗಳು ಮುನೀಸಾಳ ಮದುವೆ ಗೊತ್ತಾಯಿತು. ದಾಳಿಂಬೆ ಹಣ್ಣಾಗುವ ಹೊತ್ತಿಗೆ ಮದುವೆ. ಆ ಮನೆಯಲ್ಲೊಂದು ಪದ್ಧತಿ ಇದೆ. ಗಂಡಿನವರು ಬಾಗಿಲಿಗೆ ಬಂದಾಗ ಹೆಣ್ಣಿನ ತಂದೆಯೇ ಕರ್ನಾಯ್ ಊದಬೇಕು, ಒಂದೇ ಉಸಿರಿನ ಉದ್ದನೆಯ ಸ್ವರ. ಆ ಸ್ವರ ಮುಗಿಯುವವರೆಗೂ ಹುಡುಗಿ ತವರಿನವಳು, ಮುಗಿದ ಮೇಲೆ ಹೊಸಿಲು ದಾಟಬೇಕು. ಅವನ ತಂದೆ ಅವನ ಅಕ್ಕನಿಗೆ ಊದಿದ್ದನ್ನು ಮುದುಕರು ಈಗಲೂ ನೆನೆಯುತ್ತಾರೆ. ಮುನೀಸಾ ಬೇರೇನೂ ಕೇಳಲಿಲ್ಲ, ಅದೊಂದನ್ನೇ ಕೇಳಿದಳು.

ಅಭ್ಯಾಸಕ್ಕೆಂದು ಅವನ ಅಂಗಳದಲ್ಲಿ ನಿಂತೆವು. ಸ್ವರ ಎದ್ದಿತು, ಅರ್ಧಕ್ಕೆ ಹರಿದು ತುಂಡಾಯಿತು, ಕೆಮ್ಮು ಬಂತು. ಕಹಳೆಯೊಳಗೆ ಧೂಳು ಕೂತಿದೆ ಅಂದ. ಕಂಚುಗಾರನ ಹತ್ತಿರ ತೊಳೆಸಿ ತಂದ. ಮತ್ತೆ ಹರಿಯಿತು. ಬಾಯಿ ಇಡುವ ತುದಿ ಸರಿಯಿಲ್ಲ ಎಂದು ಬದಲಾಯಿಸಿದ. ಆಮೇಲೆ ನನ್ನ ತಾಳವೇ ತಪ್ಪು ಅಂದ. ಕುಣಿಯಲಾರದವನಿಗೆ ನೆಲ ಡೊಂಕು ಎಂದು ನಾನೂ ಅಂದುಬಿಟ್ಟೆ. ಎರಡು ದಿನ ಮಾತು ಬಿಟ್ಟ.

ಕೊನೆಗೆ ಮುನೀಸಾಳೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಸಾಕ್ಷಿಗೆ ನಾನು. ಡಾಕ್ಟರಮ್ಮ ಮವ್ಜೂದಾ ಉಸಿರಿನ ಬಲ ಅಳೆಯುವ ಒಂದು ಚಿಕ್ಕ ಕೊಳವೆ ಕೊಟ್ಟು ಊದಿ ಅಂದರು. ತೊಖ್ತಾಸಿನ್ ನನ್ನ ಕಡೆ ಕಣ್ಣು ಮಿಟುಕಿಸಿ, ಯಂತ್ರ ಒಡೆದರೆ ನಾನು ಜವಾಬ್ದಾರನಲ್ಲ ಎಂದು ಹೇಳಿ ಊದಿದ. ಮುಳ್ಳು ಸ್ವಲ್ಪ ಅಲುಗಿ ನಿಂತಿತು. ಡಾಕ್ಟರಮ್ಮ ಇನ್ನೊಮ್ಮೆ ಅಂದರು, ಮತ್ತೊಮ್ಮೆ ಅಂದರು. ಇವನಿಗಿಂತ ಮುಂಚೆ ಒಳಗೆ ಹೋಗಿದ್ದ ಅಜ್ಜಿ ಇದಕ್ಕಿಂತ ಮೇಲೆ ಏರಿಸಿದ್ದಳೆಂದು ಅವರು ನಗದೇ ಹೇಳಿದರು. ಅವನ ಮುಖ ನೋಡಿ ನನಗೂ ನಗು ಬರಲಿಲ್ಲ.

ನಿದ್ದೆಯ ಕಥೆಯನ್ನೆಲ್ಲ ಕೇಳಿ ಅವರು ವೇಪನ್ನು ಮೇಜಿನ ಮೇಲೆ ಇಡಿಸಿಕೊಂಡರು. ಇವನು ಆಲೂಗಡ್ಡೆಯ ವಾದ ತೆಗೆದ.

“ಆಲೂಗಡ್ಡೆ ಯಾವತ್ತಾದ್ರೂ ನಿಮ್ಮನ್ನ ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕರೆದಿತ್ತಾ ಅಣ್ಣ?” ಅಂದರು ಡಾಕ್ಟರಮ್ಮ. “ಇದು ಬರೀ ಹಬೆ ಅಲ್ಲ. ಸಿಗರೇಟಲ್ಲಿರೋ ನಿಕೋಟಿನ್ನೇ ಇದರಲ್ಲೂ ಇದೆ. ಮಲಗೋ ಮುಂಚೆ ಹೀರಿದ್ರೆ ಅದು ಮಲಗೋಕೆ ಬಿಡಲ್ಲ. ಮಲಗಿದ್ರೆ, ಸಾಲ್ದು ಅಂತ ಮೈ ಎಬ್ಬಿಸುತ್ತೆ. ಎದೆ ಒಳಗಿನ ಉರಿ, ಕೆಮ್ಮು, ಹಗಲಿನ ತೂಕಡಿಕೆ, ಎಲ್ಲಾ ಇದರದ್ದೇ.”

ಮದುವೆಗೆ ಇನ್ನೆಷ್ಟು ದಿನ ಎಂದು ಕೇಳಿದರು. ಇಪ್ಪತ್ತಮೂರು ಅಂದಳು ಮುನೀಸಾ. ನಿದ್ದೆ ಅಷ್ಟರೊಳಗೆ ಬರಬಹುದು, ಉಸಿರಿಗೆ ತಿಂಗಳುಗಳು ಬೇಕು, ಮದುವೆಯ ತಾರೀಖು ಎದೆಗೆ ಗೊತ್ತಾಗುವುದಿಲ್ಲ ಎಂದರು.

ವೇಪು ಆ ಮೇಜಿನ ಮೇಲೇ ಉಳಿಯಿತು. ಮೊದಲ ವಾರ ಅವನ ಎದುರು ಬೆಕ್ಕೂ ಸುಳಿಯಲಿಲ್ಲ. ಸೂಪಿಗೆ ಉಪ್ಪು ಜಾಸ್ತಿ ಎಂದು ಕುಮ್ರಿಯ ಮೇಲೆ, ಉಪ್ಪೇ ಇಲ್ಲ ಎಂದು ತಾಯಿಯ ಮೇಲೆ, ಒಂದೇ ಬಟ್ಟಲಿಗೆ ಎರಡು ಜಗಳ. ಹನ್ನೊಂದನೆಯ ದಿನ ಮಲಗಿದವನು ಬಿಸಿಲು ಮುಖಕ್ಕೆ ಬಿದ್ದ ಮೇಲೆ ಎದ್ದ. ದೃಷ್ಟಿ ಬಿಟ್ಟಿತು ಎಂದು ಓಯ್ನಿಸಾ ಕೇರಿಗೆಲ್ಲ ರೊಟ್ಟಿ ಹಂಚಿದಳು. ತೊಖ್ತಾಸಿನ್ ತಾಯಿಯ ಮಾತನ್ನು ತಿದ್ದಲಿಲ್ಲ. ಅದೊಂದು ಒಳ್ಳೆಯ ಗುಣ ಅವನದ್ದು.

ಮದುವೆಯ ದಿನ ನಾನು ಜಾಗ್ರತೆಗೆಂದು ರಿಷ್ತಾನದ ಇನ್ನೊಬ್ಬ ಕಹಳೆಗಾರನನ್ನು ಕರೆಸಿ ಹಿಂದೆ ನಿಲ್ಲಿಸಿದ್ದೆ. ಗಂಡಿನವರ ಕಾರುಗಳು ಬಂದವು. ಮುನೀಸಾ ಬಿಳಿ ಮುಸುಕು ಹೊದ್ದು ಹೊಸಿಲ ಒಳಗೆ ನಿಂತಿದ್ದಳು. ತೊಖ್ತಾಸಿನ್ ಊದಿದ. ಸ್ವರ ಅರ್ಧಕ್ಕೆ ಹರಿಯಿತು. ನಾನು ಬೆವರುತ್ತ ಜೋರಾಗಿ ಬಾರಿಸಿದೆ. ರಿಷ್ತಾನದವನು ಮುಂದೆ ಬಂದ. ಇವನು ಮೊಣಕೈಯಲ್ಲಿ ಅವನನ್ನು ತಡೆದು ಮತ್ತೆ ಊದಿದ, ಮತ್ತೆ ಹರಿಯಿತು, ಮೂರನೆಯ ಸಲವೂ ಊದಿದ. ಇದು ಹೊಸ ಶೈಲಿ ಎಂದುಕೊಂಡು ಗಂಡಿನವರು ಚಪ್ಪಾಳೆ ತಟ್ಟಿದರು. ಮುನೀಸಾ ತಲೆ ತಗ್ಗಿಸಿ ಹೊಸಿಲು ದಾಟಿದಳು.

ಪಾತ್ರೆ ತೊಳೆಯುವ ಹೊತ್ತಿಗೆ ಅವನು ನನ್ನ ಪಕ್ಕ ಬಂದು ಕೂತ. “ಮಗಳನ್ನ ತುಂಡು ತುಂಡಾಗಿ ಕಳಿಸಿದೆ ಕಣೋ,” ಅಂದ. ತಮಾಷೆ ಮಾಡುವುದೇ ಬಾಳಾದ ನಾನು ಅವತ್ತು ಅವನ ಬಟ್ಟಲಿಗೆ ಚಹಾ ಬಗ್ಗಿಸಿ ಕೊಟ್ಟೆ. ಮುಂದಿನ ವಾರ ಇನ್ನೊಂದು ಮದುವೆಯವರು ಬಂದು, ನಮಗೂ ಆ ಮೂರು ತುಂಡಿನದ್ದೇ ಊದಿ ಎಂದು ಕೇಳಿದಾಗ ಅವರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ.

ಮುನೀಸಾಳ ಹೊಸ ಸಂಸಾರದ ನಲವತ್ತು ದಿನ ಕಳೆದು, ಇನ್ನೂ ಎರಡು ತಿಂಗಳು ಜಾರಿದ ಮೇಲೆ, ಮಗಳನ್ನೂ ಅಳಿಯನನ್ನೂ ತವರಿನ ಊಟಕ್ಕೆ ಕರೆದರು. ಆ ಊಟಕ್ಕೆ ಯಾರೂ ಕಹಳೆ ಊದುವುದಿಲ್ಲ. ನನ್ನ ದಾಯಿರಾ ಮನೆಯಲ್ಲಿ ಗೋಡೆಗೆ ನೇತಾಡುತ್ತಿತ್ತು. ಕಾರು ಬಾಗಿಲಿಗೆ ಬಂದು ನಿಂತಿತು. ತೊಖ್ತಾಸಿನ್ ಒಳಗಿನಿಂದ ಕರ್ನಾಯ್ ಹೊತ್ತು ಬಂದು, ಯಾರಿಗೂ ಏನೂ ಹೇಳದೆ ಆಕಾಶಕ್ಕೆತ್ತಿ ಊದಿದ.

ಸ್ವರ ಎದ್ದಿತು, ಗಾಳಿಯಲ್ಲೇ ನಿಂತಿತು, ಈ ಸಲ ಅರ್ಧಕ್ಕೆ ಹರಿಯಲಿಲ್ಲ. ಯಾರ ಮದುವೆ ಎಂದು ಪಕ್ಕದ ಮನೆಯ ಹೆಂಗಸರು ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿಬಂದರು. ಅಳಿಯ ಒಳಗೆ ಹೆಜ್ಜೆಯಿಡಲು ಹೋದ. ಮುನೀಸಾ ಅವನ ತೋಳು ಹಿಡಿದು ನಿಲ್ಲಿಸಿದಳು. ಅವಳು ಒಳಗೆ ಬರಲಿಲ್ಲ, ಇವನು ಊದುವುದನ್ನು ನಿಲ್ಲಿಸಲಿಲ್ಲ. ಕುತ್ತಿಗೆಯ ನರಗಳು ಉಬ್ಬಿ, ಮುಖ ಕೆಂಪಾಗಿ, ಕೊನೆಗೆ ಸ್ವರ ತಾನಾಗಿ ತೆಳ್ಳಗಾಗಿ ಮುಗಿಯಿತು. ಅವನು ಕೆಮ್ಮಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟ.

ಮುನೀಸಾ ಹತ್ತಿರ ಬಂದು ಅವನ ಟೋಪಿ ಸರಿಮಾಡಿದಳು. “ಈಗ ಕಳಿಸಿಕೊಟ್ರಿ ಅಪ್ಪ,” ಅಂದಳು.