ನಾನು ಗಟ್ಟಿಯಾಗಿ ಓದಿದ ವಾಕ್ಯ

ಇಂಗ್ಲಿಷಿನಲ್ಲಿ ಮಕ್ಕಳು ಅದಲುಬದಲು ಮಾಡುವ ಪದಗಳೆಂದರೆ ನನಗೆ ಮೊದಲಿನಿಂದಲೂ ಒಂಥರಾ ಹುಚ್ಚು. ದೊಡ್ಡಬಳ್ಳಾಪುರದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. 'ಬಾರೋ' ಅಂದರೆ ಇಸಕೊಳ್ಳುವುದು, 'ಲೆಂಡ್' ಅಂದರೆ ಕೊಡುವುದು ಎಂದು ಮುಂದಿನ ಬೆಂಚಿನವನ ಪೆನ್ನು ಕಿತ್ತುಕೊಂಡು, ವಾಪಸ್ ಕೊಟ್ಟು, ನಾಟಕ ಮಾಡಿ ತೋರಿಸುತ್ತಿದ್ದೆ.

ಆದರೆ ಮಕ್ಕಳು ವಾಕ್ಯಗಳನ್ನು ಗೈಡಿನಿಂದ ಕಾಪಿ ಹೊಡೆಯುತ್ತಿದ್ದರು. ಗೈಡಿನ ಜನ ಯಾವಾಗ ನೋಡಿದರೂ ಲಂಡನ್ನಿಗೆ ಹೊರಟಿರುತ್ತಾರೆ. ರೇಗಿಹೋಗಿ ಒಂದು ಕಾನೂನು ಮಾಡಿದೆ: ವಾಕ್ಯ ನಿಮ್ಮ ಮನೆಯದ್ದೇ ಆಗಿರಬೇಕು, ನಿಜವೇ ಆಗಿರಬೇಕು. ಸುಳ್ಳು ಬರೆದವರಿಗೆ ಸೊನ್ನೆ.

ಒಂದು ಮಂಗಳವಾರ 'ಬೈ' ಮತ್ತು 'ಅಂಟಿಲ್' ಪಾಠ. ಬೈ ಅಂದರೆ ಆ ಹೊತ್ತಿನೊಳಗೆ ಕೆಲಸ ಮುಗಿಯಬೇಕು. ಅಂಟಿಲ್ ಅಂದರೆ ಆ ಹೊತ್ತಿನ ತನಕ ನಡೆಯುತ್ತಲೇ ಇರಬೇಕು. ಇಡೀ ಒಂಬತ್ತನೇ ತರಗತಿ ಎಡವಿತು. ಮೂರನೇ ಬೆಂಚಿನ ಹುಡುಗಿ ಮಾತ್ರ, ಮಗ್ಗದವರ ಮನೆಯವಳು, ಎರಡನ್ನೂ ಸರಿಯಾಗಿ ಬಳಸಿದ್ದಳು. 'ನನ್ನ ಬ್ಲೌಸು ಶುಕ್ರವಾರದೊಳಗೆ ಹೊಲಿದು ಮುಗಿಯುತ್ತದೆ. ನಾನು ಶನಿವಾರದ ತನಕ ಸ್ಕೂಲಿಗೆ ಬರುತ್ತೇನೆ.' ಒಂದಕ್ಷರ ತಪ್ಪಿರಲಿಲ್ಲ.

ಖುಷಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ, ಕ್ಲಾಸಿನಿಂದ ಚಪ್ಪಾಳೆ ಹೊಡೆಸಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಇನ್ನೂ ಹೊಗಳಲಿ ಎಂಬ ಆಸೆಯೇನೋ ಅಂದುಕೊಂಡು ಇನ್ನೊಂದು 'ವೆರಿ ಗುಡ್' ಸೇರಿಸಿದೆ.

ಸೋಮವಾರ ಅವಳ ಜಾಗ ಖಾಲಿ. ಜ್ವರವಿರಬೇಕು ಅಂದುಕೊಂಡೆ. ಬುಧವಾರವೂ ಬರದಿದ್ದಾಗ ಪಕ್ಕದಲ್ಲಿ ಕೂರುತ್ತಿದ್ದವಳನ್ನು ಕೇಳಿದೆ.

"ಭಾನ್ವಾರ ಅವ್ಳ ಮದ್ವೆ ಆಯ್ತಲ್ಲ ಸಾರ್. ನಿಮಗ್ ಗೊತ್ತಿತ್ತಲ್ವಾ? ನೀವೇ ಓದಿದ್ರಲ್ಲ!"

ಆ ಹುಡುಗಿಗೆ ಹದಿನೈದೂ ತುಂಬಿರಲಿಲ್ಲ. ಸಂಜೆ ಅವರ ಮನೆಗೆ ಹೋದೆ. ಅವಳಪ್ಪ ಮಗ್ಗ ನಿಲ್ಲಿಸಿ, ಮರ್ಯಾದೆಯಿಂದಲೇ ಕಾಫಿ ಕೊಡಿಸಿದರು. "ಒಳ್ಳೆ ಕಡೆ ಸಂಬಂಧ ಬಂತು ಸಾರ್, ಬಿಡಕ್ಕಾಗ್ಲಿಲ್ಲ," ಅಂದರು. ನಾನು ಕಾಫಿ ಕುಡಿದು ಎದ್ದು ಬಂದೆ. ದೂರು ಕೊಡುವ ಧೈರ್ಯವೂ ಬರಲಿಲ್ಲ. ಹೇಡಿತನ ಅದು, ಬೇರೆ ಹೆಸರಿಲ್ಲ.

ಅಂದಿನಿಂದ ಆ ಎರಡು ಪದಗಳನ್ನು ಬೋರ್ಡಿನ ಮೇಲೆ ಬರೆಯುವಾಗಲೆಲ್ಲ, ಬೆನ್ನ ಹಿಂದೆ ಮೂರನೇ ಬೆಂಚಿನಲ್ಲಿ ಅವಳು ಕೂತು ನೋಡುತ್ತಿದ್ದಾಳೆ ಅನ್ನಿಸುತ್ತದೆ. ತಿರುಗಿದರೆ ಇನ್ಯಾವುದೋ ಮಗು. ಆದರೂ ಭಯವಾಗುತ್ತದೆ. ಈಗ ಕೆಂಪು ಪೆನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಪ್ರತಿಯೊಬ್ಬರ ವಾಕ್ಯವನ್ನೂ ಸುಮ್ಮನೆ ಒಂದು ಸಲ ಓದುತ್ತೇನೆ.

ಹೋದ ವರ್ಷ ಬಾಶೆಟ್ಟಿಹಳ್ಳಿ ಬಸ್ ಸ್ಟಾಪಿನಲ್ಲಿ, ಶಿಫ್ಟ್ ಬಿಟ್ಟ ಹೊತ್ತಿಗೆ, ಫ್ಯಾಕ್ಟರಿಯ ಕಾರ್ಡು ಕೊರಳಿಗೆ ಹಾಕಿಕೊಂಡಿದ್ದ ಹೆಂಗಸೊಬ್ಬಳು ಹತ್ತಿರ ಬಂದು, "ಚೆನ್ನಾಗಿದ್ದೀರಾ ಸಾರ್?" ಅಂದಳು. ನೋಟದಿಂದಲೇ ಗುರುತು ಹಿಡಿದೆ. ಎಷ್ಟೋ ವರ್ಷದಿಂದ ಬಾಯಿಪಾಠ ಮಾಡಿಟ್ಟಿದ್ದ ಮಾತು ತೊದಲುತ್ತಲೇ ಹೊರಬಂತು: "ಅವತ್ತು ನಾನು ನಿನ್ ಇಂಗ್ಲಿಷ್ ಮಾತ್ರ ನೋಡ್ದೆ ಕಣಮ್ಮ. ಏನ್ ಬರ್ದಿದ್ದೀಯ ಅಂತ ನೋಡ್ಲೇ ಇಲ್ಲ. ನಿಮ್ಮನೆಗೆ ಬಂದಿದ್ದೂ ಮದ್ವೆ ಆದ್ಮೇಲೆ."

ಅವಳು ಸಿಟ್ಟಾಗಲಿಲ್ಲ. ಮುಖ ಮಾತ್ರ ಪೆಚ್ಚಾಯಿತು.

"ಹೌದಾ ಸಾರ್? ನೀವು ಬಂದಿದ್ರಿ ಅಂತ ಅಮ್ಮ ಹೇಳಿದ್ರು. ಮದ್ವೆ ನಿಲ್ಸಕ್ಕೇ ಬಂದಿದ್ರಿ, ಅಪ್ಪ ಒಪ್ಲಿಲ್ಲ ಅಂತ್ಲೇ ನಾನು ಇಷ್ಟ್ ವರ್ಷ ಅಂದ್ಕೊಂಡಿದ್ದೆ."

ಬಸ್ಸು ಬಂತು. "ಬರ್ತೀನಿ ಸಾರ್," ಎಂದು ಹತ್ತಿದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳಿಗೆ ಅಷ್ಟಾದರೂ ಉಳಿಯುತ್ತಿತ್ತು.