ಸುಟ್ಟ ಕಬ್ಬಿನ ಸರದಿ

ನನ್ನ ಗಂಡನ ಹೊಟ್ಟೆಯಲ್ಲಿ ಬೆಂಕಿ ಇದೆ ಎಂದು ಸಂಪಗಾಂವದ ಜನ ಹೊಗಳುತ್ತಿದ್ದರು. ಹೊಗಳುವವರೇನು, ಹೊಗಳಿ ತಮ್ಮ ಮನೆಗೆ ಹೋಗುತ್ತಿದ್ದರು. ಆ ಬೆಂಕಿಗೆ ದಿನಾ ರೊಟ್ಟಿ ಬಡಿದು ಹಾಕಿದವಳು ನಾನು.

ಅದು ಹೊತ್ತಿದ್ದು ಒಂದು ರುಮಾಲಿನಿಂದ. ಮೈದುನನ ಮಗಳ ಮದುವೆ. ಮನೆಗೆ ಹಿರಿಯ ಇವನು, ಮೊದಲ ರುಮಾಲು ಇವನ ತಲೆಗೇ ಸುತ್ತಬೇಕು. ಗದ್ದಲದಲ್ಲಿ ಮುರಗೋಡದ ಬೀಗರಿಗೆ ಸುತ್ತಿಬಿಟ್ಟರು. ಮೈದುನ ಕಾಲು ಹಿಡಿದ. ಇವನು ಕಾಲು ಎಳೆದುಕೊಂಡು, ಊಟ ಬಿಟ್ಟು ಎದ್ದು ಬಂದ. ಅಂದಿನಿಂದ ತಮ್ಮನ ಹೆಸರೆತ್ತಿದರೆ ತಾಟು ಗೋಡೆಗೆ. ನಾನು ನೆಗೆಣ್ಣಿಯ ಕೂಡ ಮಾತಾಡಬಾರದು, ಅವರ ಮನೆಯ ಹೆಪ್ಪು ತರಬಾರದು. ಮಾತಾಡುತ್ತಿದ್ದೆ, ತರುತ್ತಿದ್ದೆ. ಆ ಹೆಪ್ಪಿನ ಮೊಸರನ್ನೇ ಅವನು ಚಪ್ಪರಿಸಿ ಉಣ್ಣುತ್ತಿದ್ದ.

ನಮ್ಮ ಹೊಲ, ಮೈದುನನ ಹೊಲ, ನಡುವೆ ಒಂದು ಬದು. ಎರಡರಲ್ಲೂ ಕಬ್ಬು. ಹೋದ ವರ್ಷ ಸಕ್ಕರೆ ಕಾರ್ಖಾನೆಯಿಂದ ಕಬ್ಬು ಕಡಿಯುವ ಗ್ಯಾಂಗು ಬರಲು ನಮ್ಮ ಸರದಿಯೇ ಮೊದಲಿತ್ತು. ಸುಮ್ಮನೆ ಕೂತಿದ್ದರೆ ಸಾಕಾಗಿತ್ತು. ಇವನು ನಡುಮಧ್ಯಾಹ್ನ ಬದುವಿನ ಕಸ ಸುಡುತ್ತೇನೆಂದು ಹೋಗಿ, ಗಾಳಿ ಯಾವ ಕಡೆ ಎಂದು ನೋಡಿ, ತಮ್ಮನ ಕಬ್ಬಿಗೆ ಕಡ್ಡಿ ಗೀರಿದ. ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕುಂತ. ಮೈತುಂಬ ಹೊಗೆಯ ವಾಸನೆ.

"ಸಮಾಧಾನ ಆತೇನ್ರಿ?" ಎಂದೆ.

"ಯಾರು ಮೊದಲು ಅಂತ ಈಗ ತಿಳಿತೈತಿ ಅವಂಗ."

ಕಬ್ಬು ಬೆಳೆದೇ ಮುದುಕನಾದವನು. ಬೆಂಕಿ ಎಲೆಯನ್ನಷ್ಟೇ ತಿನ್ನುತ್ತದೆ, ಜಲ್ಲೆ ಉಳಿಯುತ್ತದೆ. ಆದರೆ ಸುಟ್ಟ ಕಬ್ಬು ತಡೆಯುವುದಿಲ್ಲ, ನಿಂತಲ್ಲೇ ತೂಕ ಇಳಿಯುತ್ತದೆ, ರಸ ಕೆಡುತ್ತದೆ. ಅದಕ್ಕೇ ಎಲ್ಲರ ಸರದಿ ಬದಿಗಿಟ್ಟು ಅದನ್ನು ಮೊದಲು ಕಡಿಯುತ್ತಾರೆ. ಇದು ಅವನಿಗೆ ಗೊತ್ತಿತ್ತು. ಸಿಟ್ಟು ಮರೆಸಿತ್ತು. ಮರುದಿನ ನಮ್ಮ ಹೊಲಕ್ಕೆ ಬರಬೇಕಾದ ಗ್ಯಾಂಗು ಬದು ದಾಟಿ ಅತ್ತ ಹೋಯಿತು. ಒಣ ಎಲೆ ಸುಲಿಯುವ ಕೆಲಸವೂ ಉಳಿದಿರಲಿಲ್ಲ, ಸರಸರ ಕಡಿದರು. ತಮ್ಮನ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ನಮ್ಮ ಬಾಗಿಲ ಮುಂದೆಯೇ ಕಾರ್ಖಾನೆಗೆ ಹೋದವು.

ನೆಗೆಣ್ಣಿ ಬದುವಿನ ಮೇಲೆ ನಿಂತು ಕೂಗಿದಳು: "ಯಕ್ಕಾ, ಭಾವಾರಿಗೆ ಹೇಳು. ಮುಂದಿನ ವರ್ಷಾನೂ ಇಷ್ಟು ಉಪಕಾರ ಮಾಡ್ರಿ ಅಂತ!"

ನನಗೆ ನಗು ಬಂತು. ಇವನು ಅದನ್ನೂ ನೋಡಿದ.

ಅತ್ತ ಮುಗಿಯುತ್ತಲೇ ಗ್ಯಾಂಗು ನಮ್ಮ ಕಡೆ ಬರುತ್ತಿತ್ತು. ಇವನು ಅಷ್ಟೂ ತಾಳಲಿಲ್ಲ. ಸುಟ್ಟದ್ದಕ್ಕೇ ಮೊದಲ ಸರದಿಯಾದರೆ ನಮ್ಮದೂ ಸುಡಲಿ ಎಂದು ತನ್ನ ಕಬ್ಬಿಗೆ ತಾನೇ ಬೆಂಕಿ ಹಚ್ಚಿದ. ಗಾಳಿ ತಿರುಗಿತು. ಮೇವಿನ ಬಣವೆ ಹೋಯಿತು, ನೀರಿನ ಪೈಪು ಕರಗಿ ಹರಿದವು. ಉಳಿದ ಪೈಪು ಎಳೆಯಲು ಒಳಗೆ ನುಗ್ಗಿದವನು ಅಲ್ಲೇ ಬಿದ್ದ. ಬೈಯುತ್ತ ಬೈಯುತ್ತ ಹೆಗಲ ಮೇಲೆ ಹೊತ್ತು ತಂದವನು ಅದೇ ತಮ್ಮ. ಬೈಲಹೊಂಗಲದ ದವಾಖಾನೆಯಲ್ಲಿ ಎರಡೂ ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಇವನಾಡಿದ ಮೊದಲ ಮಾತು: "ಅಂವ ಯಾಕ ಮುಟ್ಟಿದ ನನ್ನ?"

"ಬೆಂಕ್ಯಾಗ ರುಮಾಲು ಸುತ್ತಾವರು ಯಾರೂ ಇರಲಿಲ್ಲಲ್ರಿ, ಅದಕ್ಕ," ಎಂದೆ. ನರ್ಸಬಾಯಿ ಮುಖ ತಿರುಗಿಸಿದಳು.

ಈಗ ಕಟ್ಟೆಯ ಮೇಲೆ ಕೂತಿರುತ್ತಾನೆ. ಪಾದದ ಚರ್ಮ ಮಿರಿಮಿರಿ ಮಿಂಚುತ್ತದೆ, ನೆಲಕ್ಕೆ ಊರಲು ಬರುವುದಿಲ್ಲ. ಮೊನ್ನೆಯೂ ಯಾರೋ ಬಂದು, "ಅಜ್ಜಂದು ಬೆಂಕಿ ಇನ್ನೂ ಆರಿಲ್ಲ ಬಿಡ್ರಿ" ಎಂದರು.

"ಒಳ್ಳೇದಾತು. ನಿಮ್ಮ ಮನಿಗೆ ಕರಕೊಂಡು ಹೋಗ್ರಿ," ಎಂದೆ. ಚಹಾ ಕುಡಿಯದೆ ಹೋದರು.

ಕಡ್ಡಿಪೆಟ್ಟಿಗೆ ನನ್ನ ಎಲೆಅಡಿಕೆಯ ಸಂಚಿಯಲ್ಲಿರುತ್ತದೆ. ಬೀಡಿ ಬೇಕೆಂದರೆ ನಾನೇ ಹಚ್ಚಿ ಕೈಗೆ ಕೊಡುತ್ತೇನೆ. ಕಡ್ಡಿ ಆರಿಸಿ, ತಣ್ಣಗಾಯಿತೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಒಳಗೆ ಹೋಗುತ್ತೇನೆ.