ಲಿಫ್ಟಣ್ಣನ ಕೈಗುಣ

ನಮ್ಮ ಭಾವನಿಗೆ ಗೋದಾಮಿನಲ್ಲಿ ಲಿಫ್ಟಣ್ಣ ಅಂತಲೇ ಹೆಸರು. ಅಕ್ಕನನ್ನು ಮದುವೆಯಾಗುವವರೆಗೆ ನನಗೂ ಅವರು ಲಿಫ್ಟಣ್ಣನೇ. ಆ ಮದುವೆಗೆ ಮಧ್ಯೆ ನಿಂತು ಮಾತಾಡಿದವಳು ನಾನು, ಹಾಗಾಗಿ ಅವರಲ್ಲಿ ಏನು ಐಬು ಕಂಡರೂ ಅಕ್ಕ ಮೊದಲು ನನ್ನ ಕಡೆ ತಿರುಗುತ್ತಾಳೆ. ನಾನು ಮೂರನೇ ಮಹಡಿಯಲ್ಲಿ ಬಟ್ಟೆ ನೋಡುವವಳು. ಅಂದರೆ ಅಡಿಯಿಂದ ದೀಪ ಹಾಕಿದ ಗಾಜಿನ ಮೇಜಿನ ಮೇಲೆ ಬಟ್ಟೆಯ ಥಾನು ಬಿಚ್ಚಿ ಎಳೆಯುತ್ತಾ, ಎಲ್ಲಿ ನೂಲು ತಪ್ಪಿದೆ, ಎಲ್ಲಿ ಎಣ್ಣೆ ಕಲೆ ಇದೆ ಅಂತ ಹುಡುಕಿ ಸೀಮೆಸುಣ್ಣದ ಗುರುತು ಹಾಕುವುದು. ಇಡೀ ದಿನ ತಪ್ಪು ಹುಡುಕಿ ಸಂಬಳ ತಗೊಳ್ಳೋಳು ಸಂಜೆ ಸುಮ್ಮನಿರ್ತಾಳಾ ಅಂತ ಅಕ್ಕ ಆಡಿಕೊಳ್ಳುತ್ತಾಳೆ. ಭಾವ ಮಾತ್ರ ನಾನೆಷ್ಟು ರೇಗಿಸಿದರೂ ಮೀಸೆಯಡಿ ನಕ್ಕು ಸುಮ್ಮನಾಗುತ್ತಾರೆ. ಅದಕ್ಕೇ ಇನ್ನಷ್ಟು ರೇಗಿಸುತ್ತೇನೆ.

ಅವರ ಲಿಫ್ಟು ಸಾಮಾನು ಸಾಗಿಸುವ ಹಳೇ ಲಿಫ್ಟು. ಜಾಲರಿ ಬಾಗಿಲು, ಒಳಗೆ ಎರಡು ದಪ್ಪ ಕರೀ ಗುಂಡಿ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಅದು ಚಲಿಸುತ್ತಿತ್ತು. ಬೆರಳು ಎತ್ತಿದರೆ ಎಲ್ಲಿತ್ತೋ ಅಲ್ಲೇ ನಿಲ್ಲುತ್ತಿತ್ತು, ಎರಡು ಮಹಡಿಯ ನಡುವೆ ಗೋಡೆ ನೋಡಿಕೊಂಡು ಕೂರಬೇಕಾಗುತ್ತಿತ್ತು. ಬೇರೆಯವರು ನಡೆಸಿದರೆ ನೆಲಕ್ಕಿಂತ ಒಂದು ಗೇಣು ಮೇಲೋ ಕೆಳಗೋ ಹೋಗಿ ನಿಂತು, ಸಾಮಾನಿನ ಗಾಡಿಯ ಚಕ್ರ ಸಿಕ್ಕಿಕೊಂಡು ಹಮಾಲರ ಸೊಂಟ ಮುರಿಯುತ್ತಿತ್ತು. ಭಾವ ನಿಲ್ಲಿಸಿದರೆ ಒಳಗಿನ ನೆಲವೂ ಹೊರಗಿನ ನೆಲವೂ ಒಂದೇ. ಗಾಡಿ ತಾನಾಗಿ ಉರುಳಿಕೊಂಡು ಆಚೆ ಬರುತ್ತಿತ್ತು. "ಲಿಫ್ಟಣ್ಣನ ಕೈಗುಣ" ಎನ್ನುತ್ತಿದ್ದರು ಹಮಾಲರು. ಡಾಕ್ಟರಿಗೆ ಹೇಳುವ ಮಾತನ್ನು ಲಿಫ್ಟಿನವರಾಗಿ ಹೇಳಿಸಿಕೊಂಡವರು ಇವರೊಬ್ಬರೇ ಇರಬೇಕು.

ಈಚೆಗೆ ಹೊಸ ಲಿಫ್ಟು ಬಂತು. ಅದಕ್ಕೆ ಯಾರೂ ಬೇಡ. ಮಹಡಿಯ ಅಂಕಿ ಮುಟ್ಟಿ ಕೈಕಟ್ಟಿ ನಿಂತರೆ ತಾನೇ ಹೋಗಿ, ತಾನೇ ನಿಂತು, ತಾನೇ ಬಾಗಿಲು ತೆರೆಯುತ್ತದೆ. ಹಳೆಯದಕ್ಕೆ ಬೀಗ ಬಿತ್ತು. ಭಾವನಿಗೆ ಮಾಡಲು ಕೆಲಸವಿಲ್ಲದಂತಾಯಿತು.

ನಮ್ಮ ಮ್ಯಾನೇಜರಮ್ಮ ಕೆಟ್ಟವರಲ್ಲ. ಲಾರಿ ಬಂದು ನಿಲ್ಲುವ ಬಾಗಿಲ ಪಕ್ಕದ ಸಣ್ಣ ಕೋಣೆಗೆ ಭಾವನನ್ನು ಕರೆದುಕೊಂಡು ಹೋಗಿ ಮೇಜು, ಕುರ್ಚಿ, ಕಂಪ್ಯೂಟರ್ ತೋರಿಸಿದರು.

"ಬಂದ ಮಾಲಿನ ಲೆಕ್ಕಾನ ಇದರಲ್ಲಿ ತುಂಬೋದು ನಿಮ್ಮ ಕೆಲಸ. ಕಲಿಸಿಕೊಡ್ತೀವಿ. ಆದ್ರೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬರೋರು ನೀವೊಬ್ರೇ. ಮೊದಲನೇ ಲಾರಿ ಬರೋಷ್ಟರಲ್ಲಿ ಇದು ಶುರುವಾಗಿರಬೇಕು. ಶನಿವಾರ ಬಂದು ನೋಡ್ತೀನಿ. ನಿಮಗೆ ಒಗ್ಗಲಿಲ್ಲ ಅಂದ್ರೆ ನಾನು ಹೊರಗಿನವರನ್ನ ತಗೋಬೇಕಾಗುತ್ತೆ. ಬೇರೆ ಕಡೆ ಜಾಗ ಇಲ್ಲ, ಬೇಜಾರು ಮಾಡ್ಕೋಬೇಡಿ."

ಇದನ್ನು ಭಾವ ನನಗೆ ಹೇಳಿದ್ದು ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು. "ನಿಮ್ಮಕ್ಕನಿಗೆ ಬಾಯಿಬಿಡಬೇಡ ಕಣಮ್ಮ" ಅಂದರು. ಅಕ್ಕ ಆಗಲೇ ಅಕ್ಕಪಕ್ಕದವರಿಗೆಲ್ಲ ನಮ್ಮೆಜಮಾನರಿಗೆ ಕುರ್ಚಿ ಕೆಲಸ ಆಯ್ತು ಅಂತ ಹೇಳಿಕೊಂಡು ಬಂದಿದ್ದಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಬಾಯಿಗೆ ಬೀಗ ಅಂದರೆ ಅದೆಂಥ ಶಿಕ್ಷೆ ಅಂತ ನನ್ನನ್ನು ಬಲ್ಲವರೇ ಹೇಳಬೇಕು.

ಲೆಕ್ಕ ತುಂಬುವುದನ್ನು ಭಾವ ಚೆನ್ನಾಗಿಯೇ ಕಲಿತರು. ಎರಡು ಬೆರಳಲ್ಲಿ ಕುಟ್ಟಿದರೂ ತಪ್ಪಿಲ್ಲದೆ ಕುಟ್ಟುತ್ತಿದ್ದರು. ಕಂಪ್ಯೂಟರ್ ಶುರುವಾದರೆ ತಾನೇ ಕುಟ್ಟುವುದು! ಅದು ಭಾವನ ಕೈಗೆ ಶುರುವಾಗಲೇ ಇಲ್ಲ. ಅದರ ಡಬ್ಬಿ ಇದ್ದದ್ದು ಮೇಜಿನಡಿ, ಗೋಡೆಯ ಮೂಲೆಗೆ ಒತ್ತಿಕೊಂಡು. ಭಾವ ಕುಕ್ಕುರುಗಾಲಲ್ಲಿ ಕೂತು, ಅರ್ಧ ಮೈ ಮೇಜಿನಡಿ ತೂರಿಸಿ, ಕುತ್ತಿಗೆ ಮಾತ್ರ ಪರದೆಯ ಕಡೆ ತಿರುಗಿಸಿ ಗುಂಡಿ ಒತ್ತುತ್ತಿದ್ದರು. ಒಳಗೆ ಗುಂಯ್ ಅಂತ ಫ್ಯಾನು ತಿರುಗುತ್ತಿತ್ತು, ನೀಲಿ ದೀಪ ಹತ್ತುತ್ತಿತ್ತು, ಇನ್ನೇನು ಬಂತು ಅನ್ನುವಷ್ಟರಲ್ಲಿ ಟಕ್ಕೆಂದು ಎಲ್ಲ ಸತ್ತುಹೋಗುತ್ತಿತ್ತು. ಮತ್ತೆ ಒತ್ತಿದರೂ ಅದೇ ಕಥೆ.

ಮೊದಲನೇ ದಿನ ನಾನು ಬಂದಾಗ ಭಾವ ಇನ್ನೂ ಮೇಜಿನಡಿಯೇ ಇದ್ದರು, ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ.

"ಸರೀರಿ ಭಾವ, ನಾನು ನೋಡ್ತೀನಿ" ಅಂತ ಕೈ ತೂರಿಸಿ ಗುಂಡಿ ಮುಟ್ಟಿದೆ. ಬಂದೇಬಿಟ್ಟಿತು!

"ಕೆಟ್ಟೇ ಇಲ್ಲವಲ್ಲ!"

"ಈಗ್ತಾನೆ ಕೆಟ್ಟಿತ್ತು ಕಣಮ್ಮ" ಅಂದರು ಭಾವ, ಕಳ್ಳನ ಹಾಗೆ ಮುಖ ಮಾಡಿಕೊಂಡು.

ಮಾರನೇ ದಿನವೂ ಅದೇ ಆಯಿತು. ರಿಪೇರಿಯವನನ್ನು ಕರೆಸಿದೆವು. ಅವನನ್ನು ನಮ್ಮಲ್ಲಿ ರಬ್ಬರ್ ಅಂತ ಕರೆಯುತ್ತಾರೆ. ಯಾವ ಕಂಪ್ಯೂಟರಿಗೆ ಯಾವ ರೋಗ ಬಂದಿದ್ದರೂ ಮೊದಲು ಒಳಗಿನ ಒಂದು ಹಸಿರು ಪಟ್ಟಿ ಕಿತ್ತು, ಜೇಬಿನಿಂದ ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದು ಅದರ ಅಂಚನ್ನು ತಿಕ್ಕುತ್ತಾನೆ. ಅರ್ಧದಷ್ಟು ಸಲ ಅದರಿಂದಲೇ ಸರಿಹೋಗುತ್ತದಂತೆ. ಇಲ್ಲೂ ತಿಕ್ಕಿದ. ಧೂಳು ಊದಿದ. ವೈರು ಬದಲಾಯಿಸಿದ. ನಾಣ್ಯದಂಥ ಬ್ಯಾಟರಿ ತೆಗೆದು ಹೊಸದು ಕೂರಿಸಿದ. ಅವನು ಒತ್ತಿದಾಗೆಲ್ಲ ಕಂಪ್ಯೂಟರ್ ಒಳ್ಳೇ ಮಗುವಿನ ಹಾಗೆ ಎದ್ದು ಕೂರುತ್ತಿತ್ತು.

"ಈಗ ನೀವು ಒತ್ತಿ ಅಣ್ಣ" ಅಂದ, ಪರದೆಯನ್ನೇ ನೋಡುತ್ತಾ.

ಭಾವ ಮೇಜಿನಡಿ ಹೋದರು. ಗುಂಯ್. ನೀಲಿ ದೀಪ. ಟಕ್.

ರಬ್ಬರ್ ತಲೆ ಕೆರೆದುಕೊಂಡ. ಇನ್ನೊಂದು ಸಲ ತಾನು ಒತ್ತಿದ, ಬಂತು. ಭಾವ ಒತ್ತಿದರು, ಹೋಯಿತು. "ಇಂಥದ್ದನ್ನ ನಾನು ನೋಡೇ ಇಲ್ಲ" ಅಂತ ಅವನು ನೆಲದ ಮೇಲೆ ಕೂತೇಬಿಟ್ಟ. ಆಮೇಲೆ ಎದ್ದು, ಕೆಲವರ ಮೈಯಲ್ಲಿ ಕರೆಂಟು ಜಾಸ್ತಿ ಇರುತ್ತೆ, ಅದು ಯಂತ್ರಕ್ಕೆ ಆಗಿಬರೋದಿಲ್ಲ ಅಂದ. ಭಾವ ಬೂಟು ಬಿಚ್ಚಿದರು. ಟಕ್. ಬೂಟು ಹಾಕಿಕೊಂಡು ಕೈ ತೊಳೆದು ಒರೆಸಿಕೊಂಡು ಬಂದರು. ಟಕ್. ಉಂಗುರ ತೆಗೆದು ನೋಡಿ ಅಂತ ಲಾರಿಯವನು ಕಿಟಕಿಯಿಂದಲೇ ಸಲಹೆ ಕೊಟ್ಟ. ಉಂಗುರವನ್ನೂ ತೆಗೆದರು. ಅದರಿಂದ ಆದದ್ದು ಒಂದೇ. ಅವತ್ತು ಮನೆಯಲ್ಲಿ ಅಕ್ಕ "ಉಂಗುರ ಎಲ್ಲಿ? ಯಾರಿಗೆ ಕೊಟ್ರಿ?" ಅಂತ ಹಿಡಿದುಕೊಂಡಳು. ಭಾವ ನನಗೆ ಫೋನು ಮಾಡಿದರು. ಎಣ್ಣೆ ಕಲೆ ತೊಳೆಯೋಕೆ ನಾನೇ ತೆಗೆಸಿಟ್ಟೆ ಅಂತ ಸುಳ್ಳು ಹೇಳಿ ಆ ಬೆಂಕಿ ಆರಿಸಿದೆ.

ಗೋದಾಮಿನಲ್ಲಿ ಇದು ದೊಡ್ಡ ತಮಾಷೆಯಾಯಿತು. ಹೋಗುವವರು ಬರುವವರೆಲ್ಲ ಕೋಣೆಗೆ ಇಣುಕಿ, "ಲಿಫ್ಟಣ್ಣನ ಕೈಗುಣ!" ಅಂತ ನಗತೊಡಗಿದರು. ಎಷ್ಟೋ ವರ್ಷ ಹೊಗಳಿಕೆಯಾಗಿದ್ದ ಅದೇ ಮಾತು. ನನಗೂ ಎರಡು ದಿನ ನಗು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮೂರನೇ ದಿನ ಭಾವ ಕ್ಯಾಂಟೀನಿನಲ್ಲಿ ಬಲಗೈಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಎಡಗೈಯಲ್ಲಿ ನೀರು ಬಗ್ಗಿಸಿಕೊಂಡದ್ದು ಕಂಡು ನಗು ನಿಂತುಹೋಯಿತು. ಮನೆಯಲ್ಲಿ ದೀಪದ ಸ್ವಿಚ್ಚನ್ನೂ ತಾವು ಮುಟ್ಟುತ್ತಿಲ್ಲವಂತೆ, ಅಕ್ಕನನ್ನು ಕೂಗುತ್ತಾರಂತೆ. ಸೋಮಾರಿಯಾಗಿದ್ದಾರೆ ಅಂತ ಅಕ್ಕ ದೂರಿದಳು.

"ಅದಕ್ಕೆ ನಾನು ಅಂದ್ರೆ ಆಗಲ್ಲ ಕಣಮ್ಮ. ನಿನಗೆ ಬರುತ್ತೆ, ಅವನಿಗೆ ಬರುತ್ತೆ, ಆ ಲಾರಿಯವನಿಗೂ ಬರುತ್ತೆ. ನಾನೇನು ಮಾಡಿದೀನಿ ಅದಕ್ಕೆ?" ಅಂತ ಭಾವ ನನ್ನನ್ನೇ ಕೇಳಿದರು. ನನಗೂ ತಲೆಬುಡ ಅರ್ಥವಾಗಿರಲಿಲ್ಲ. ಬಟ್ಟೆಯಲ್ಲಿ ಒಂದೇ ಒಂದು ಎಳೆ ತಪ್ಪಿದ್ದರೂ ಹಿಡಿಯುವ ನನ್ನ ಕಣ್ಣಿಗೆ ಇಲ್ಲಿ ಏನೂ ಕಾಣುತ್ತಿರಲಿಲ್ಲ, ಅದೇ ನನಗೆ ಸಿಟ್ಟು.

ಶುಕ್ರವಾರ ಕೆಲಸ ಬಿಟ್ಟ ಮೇಲೆ ಭಾವನನ್ನು ತಡೆದೆ. "ನೀವು ಒತ್ತಿ. ನಾನು ಆ ಕಡೆಯಿಂದ ಮೇಜಿನಡಿ ನುಗ್ಗಿ ಡಬ್ಬೀನೇ ನೋಡ್ತೀನಿ. ಕಿಡಿ ಗಿಡಿ ಹಾರುತ್ತಾ ಗೊತ್ತಾಗ್ಲಿ." ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಬೈಲಿನ ಬೆಳಕು ಹಿಡಿದು, ಧೂಳಲ್ಲಿ ಹೊಟ್ಟೆಯ ಮೇಲೆ ಮಲಗಿದೆ. ಭಾವ ಎಂದಿನ ಹಾಗೆ ಕೂತು ಗುಂಡಿ ಒತ್ತಿದರು. ಗುಂಯ್ ಅಂತ ಶುರುವಾಯಿತು. ದೀಪ ಹತ್ತಿತು. ಕಿಡಿ ಎಲ್ಲೂ ಇಲ್ಲ. ಕಂಡದ್ದು ಭಾವನ ಹೆಬ್ಬೆರಳು. ಅದು ಗುಂಡಿಯ ಮೇಲೇ ಇತ್ತು. ಉಗುರು ಬೆಳ್ಳಗಾಗುವಷ್ಟು ಬಲವಾಗಿ ಒತ್ತಿಕೊಂಡು, ಅಲುಗಾಡದೆ.

"ಬಿಡಿ ಭಾವ!"

"ಇನ್ನೂ ಬಂದಿಲ್ಲವಲ್ಲ?"

"ಏನು ಬಂದಿಲ್ಲ?"

"ಪರದೆ ಮೇಲೆ ಚಿತ್ರ. ಅದು ಬರೋ ಮುಂಚೆ ಬಿಟ್ರೆ ಮಧ್ಯದಲ್ಲೇ ನಿಂತುಹೋಗಲ್ವಾ?"

ಟಕ್. ದೀಪ ಆರಿತು.

ನಾನು ಮಲಗಿದ್ದಲ್ಲೇ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ತಲೆ ಮೇಜಿಗೆ ಬಡಿಯಿತು. ಆಮೇಲೆ ಅಲ್ಲಿಂದಲೇ ರಬ್ಬರಿಗೆ ಫೋನು ಮಾಡಿದೆ.

"ಹೌದಕ್ಕ, ಒತ್ತಿ ಹಿಡಿದ್ರೆ ಆಫ್ ಆಗುತ್ತೆ. ಕಂಪ್ಯೂಟರ್ ಸಿಕ್ಕಿಕೊಂಡಾಗ ಆರಿಸೋಕೆ ಅಂತ ಹಾಗೆ ಇಟ್ಟಿರ್ತಾರೆ. ಎಲ್ಲರಿಗೂ ಗೊತ್ತಿರೋದೇ ಅಲ್ವಾ" ಅಂದ.

"ಎಲ್ಲರಿಗೂ ಗೊತ್ತಿರೋದನ್ನ ಒಬ್ಬರಾದ್ರೂ ಬಾಯಿಬಿಟ್ಟು ಹೇಳಿದ್ರೇನೋ!" ಅಂತ ಅವನಿಗೆ ಚೆನ್ನಾಗಿ ಬೈದೆ. ಅರ್ಧ ಬೈಗುಳ ನನಗೇ ಸಲ್ಲಬೇಕಾದದ್ದು.

ಭಾವ ನಗಲಿಲ್ಲ. ಮುಟ್ಟಿ ಬಿಡಿ ಅಂದೆ. ಒತ್ತಿದರು, ಹೆಬ್ಬೆರಳು ಏಳಲಿಲ್ಲ. ಬಿಡಿ ಅಂತ ಕೂಗಿದೆ, ಆಗಲೂ ಏಳಲಿಲ್ಲ. ಅವರು ಬಿಡಬಾರದು ಅಂತ ಹಟ ಹಿಡಿದಿರಲಿಲ್ಲ, ಕೈ ಅವರ ಮಾತು ಕೇಳುತ್ತಿರಲಿಲ್ಲ.

"ಬಿಟ್ಟ ಮೇಲೆ ಅದನ್ನ ಯಾರು ಅಲ್ಲೀವರೆಗೂ ತಗೊಂಡು ಹೋಗೋದು?"

"ಅದೇ ಹೋಗುತ್ತೆ ಭಾವ."

"ಅದೇ ಅಂದ್ರೆ?"

ಅದೇ ಅಂದರೆ ಏನು ಅಂತ ನನಗೇನು ಗೊತ್ತು! ಮತ್ತೆ ಒತ್ತಿದಾಗ ಸಿಟ್ಟು ಬಂದು ಅವರ ಕೈಗೆ ಒಂದು ಏಟು ಹಾಕಿದೆ. ಬೆರಳು ಜಾರಿತು. ಫ್ಯಾನು ತಿರುಗುತ್ತಲೇ ಇತ್ತು, ಪರದೆಯ ಮೇಲೆ ಚಿತ್ರ ಬಂತು. ಭಾವ ಆ ಚಿತ್ರವನ್ನು, ತಮ್ಮ ಕೈಯನ್ನು, ಮತ್ತೆ ಆ ಚಿತ್ರವನ್ನು ನೋಡುತ್ತಾ ಕಕ್ಕಾಬಿಕ್ಕಿಯಾಗಿ ಕೂತರು.

ಶನಿವಾರ ನನ್ನ ಮೇಜು ಬಿಟ್ಟು ಕೆಳಗೆ ಬಂದು ಬಾಗಿಲ ಹತ್ತಿರ ನಿಂತಿದ್ದೆ. ಮ್ಯಾನೇಜರಮ್ಮ ಕೈಕಟ್ಟಿಕೊಂಡು ನೋಡುತ್ತಿದ್ದರು. ಭಾವ ಬಗ್ಗಿದರು. ಈ ಕುರ್ಚಿ ಹೋದರೆ ಈ ಮನುಷ್ಯ ನಾಳೆ ಎಲ್ಲಿಗೆ ಹೋಗಬೇಕು, ಅಕ್ಕನಿಗೆ ನಾನೇನು ಹೇಳಬೇಕು? ಗುಂಯ್ ಅಂತ ಸದ್ದಾಯಿತು. ಭಾವ ಬೆಂಕಿ ತಗುಲಿದವರ ಹಾಗೆ ಕೈ ಹಿಂದಕ್ಕೆ ಎಳೆದು ಕಂಕುಳಲ್ಲಿ ಅದುಮಿಕೊಂಡರು. ಚಿತ್ರ ಬಂತು.

"ಅಷ್ಟೇ ತಾನೇ! ಸೋಮವಾರದಿಂದ ಇದು ನಿಮ್ಮ ಕುರ್ಚಿ" ಅಂದರು ಮ್ಯಾನೇಜರಮ್ಮ. "ಏನಾಗಿತ್ತು ಇದಕ್ಕೆ?"

"ಏನೂ ಆಗಿರಲಿಲ್ಲ ಮೇಡಂ. ನಾನೇ ಆರಿಸ್ತಾ ಇದ್ದೆ."

ಅವರಿಗೆ ಅರ್ಥವಾಗಲಿಲ್ಲ. ತಲೆಯಾಡಿಸಿ ಹೋದರು.

ಸಂಜೆ ಭಾವನ ಜೊತೆ ನಾನೂ ಮನೆಗೆ ಹೋದೆ. ಅಕ್ಕ ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದಳು. ಭಾವ ಅವಳ ಎದುರು ಕೂತು ಮೊದಲಿಂದ ಕೊನೆಯವರೆಗೂ, ಉಂಗುರದ ಸಮೇತ, ಹೇಳಿಬಿಟ್ಟರು. "ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ರಾ?" ಅಂತ ಅಕ್ಕ ಮೊದಲು ನನಗೆ ಬೈದಳು. ಅದು ಲೆಕ್ಕದ ಪ್ರಕಾರ ಸರಿಯೇ.

ಭಾವ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಹೊತ್ತಿಸ್ತಾ ಇದೀನಿ ಅಂದ್ಕೊಂಡು ಆರಿಸ್ತಾ ಇದ್ದೆ ಕಣೆ. ಅಷ್ಟು ಜನ ನೋಡಿದ್ರು, ಯಾರಿಗೂ ಗೊತ್ತಾಗ್ಲಿಲ್ಲ. ನನಗಂತೂ ಗೊತ್ತೇ ಆಗ್ಲಿಲ್ಲ. ಇಷ್ಟು ವರ್ಷದಲ್ಲಿ ಇನ್ನೂ ಏನೇನನ್ನ ಹೀಗೆ ಆರಿಸಿದೀನೋ."

ಏನಾದರೂ ತಮಾಷೆ ಮಾಡೋಣ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಮಾತು ತೆಗೆದಳು.

"ನನ್ನ ಸೈಕಲ್ಲು" ಅಂದಳು ಅಕ್ಕ, ಮಡಚುವುದನ್ನು ನಿಲ್ಲಿಸದೆ.

ನನಗೆ ತಕ್ಷಣ ನೆನಪಾಗಲಿಲ್ಲ, ಭಾವನಿಗೆ ಆಯಿತು. ಮದುವೆಯಾದ ಹೊಸದರಲ್ಲಿ ಅಕ್ಕನಿಗೆ ಸೈಕಲ್ ಕಲಿಯುವ ಆಸೆ. ಸಂಜೆ ಸಂಜೆ ಗೋದಾಮಿನ ಹಿಂದಿನ ಬಯಲಲ್ಲಿ ಭಾವ ಸೀಟು ಹಿಡಿದುಕೊಂಡು ಅವಳ ಹಿಂದೆ ಬೆವರು ಸುರಿಸುತ್ತಾ ಓಡುತ್ತಿದ್ದರು. ಎಂಥ ಗಂಡ ಅಂತ ನೋಡಿದವರೆಲ್ಲ ಮೆಚ್ಚಿಕೊಂಡಿದ್ದರು. ಅಕ್ಕನಿಗೆ ಮಾತ್ರ ಸೈಕಲ್ ಬರಲೇ ಇಲ್ಲ. ನನಗೆ ಇದು ಕೂಡಿಬರಲ್ಲ ಬಿಡಿ ಅಂತ ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟಳು. ಆವತ್ತಿನಿಂದ ಎಲ್ಲಿಗೆ ಹೋಗಬೇಕಾದರೂ ಅವಳದು ಕಾಲ್ನಡಿಗೆ.

"ಬಿಟ್ರೆ ಬಿದ್ದುಬಿಡ್ತೀಯ ಅಂತ..." ಅಂದರು ಭಾವ.

"ಬೀಳ್ತಿದ್ದೆ. ಎದ್ದು ಕಲೀತಿದ್ದೆ."

ಅವಳು ಬೈಯುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಭಾವ ನನ್ನ ಮುಖ ನೋಡಿದರು, ನಾನು ನನಗೂ ಗೊತ್ತಿಲ್ಲ ಅಂತ ತಲೆಯಾಡಿಸಿದೆ. ಅವರು ಅಕ್ಕನ ಕಡೆ ತಿರುಗಿ, "ನಾಳೆ ರಜ. ಪಕ್ಕದ ಮನೆಯವರ ಸೈಕಲ್ಲು ಸುಮ್ಮನೆ ನಿಂತಿರುತ್ತಲ್ಲ" ಅಂದರು.

ಅಕ್ಕ ಕೈಯಲ್ಲಿದ್ದ ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮೊದಲ ಸಲ ತಲೆಯೆತ್ತಿದಳು. "ಬಿಡ್ತೀರಾ?"

ಬೇರೆ ಯಾರಾದರೂ ಆಗಿದ್ದರೆ ಹೂಂ ಅಂದುಬಿಡುತ್ತಿದ್ದರು. ಭಾವ ಆ ಕೈಯನ್ನು ಇನ್ನೊಮ್ಮೆ ಬಿಚ್ಚಿ, ಮುಚ್ಚಿ ನೋಡಿಕೊಂಡರು.

"ಗೊತ್ತಿಲ್ಲ ಕಣೆ" ಅಂದರು.